56 ಹೆಸರಿನ ಒಂದು ಸ್ಪಂಜು

ಸಮುದ್ರ ಜೀವಿಗಳಲ್ಲಿ ಆಸಕ್ತಿ ಇರುವವರ ಒಂದು ಸಭೆಯಲ್ಲಿ ಮಾತಾಡಿದ್ದು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸ್ಪಂಜುಗಳಲ್ಲಿ ಇವತ್ತು ವಿಜ್ಞಾನಿಗಳು ಒಪ್ಪಿಕೊಂಡಿರುವ ಪ್ರಭೇದಗಳೇ 9,000 ದಾಟಿವೆ. ಅಷ್ಟನ್ನೂ ಒಂದು ಗಂಟೆಯಲ್ಲಿ ಹೇಳಲು ಹೊರಟರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಒಂದನ್ನೇ ಆರಿಸಿಕೊಂಡಿದ್ದೇನೆ. ಅದರ ಹೆಸರು ಹ್ಯಾಲಿಕಾಂಡ್ರಿಯಾ ಪ್ಯಾನಿಸಿಯಾ. ಇಂಗ್ಲಿಷ್ ಮಾತಾಡುವವರು ಬ್ರೆಡ್‌ಕ್ರಂಬ್ ಸ್ಪಂಜು ಅನ್ನುತ್ತಾರೆ, ಯಾಕೆಂದರೆ ಕೈಯಲ್ಲಿ ಹಿಡಿದು ಮುರಿದರೆ ಒಣ ಬ್ರೆಡ್ಡಿನ ಹಾಗೆ ಪುಡಿ ಪುಡಿಯಾಗಿ ಉದುರುತ್ತದೆ. ಮುಂದೆ ಸುಮ್ನೆ ಪ್ಯಾನಿಸಿಯಾ ಅಂತಲೇ ಕರೆಯುತ್ತೇನೆ.

ಇದು ಅಪರೂಪದ ಪ್ರಾಣಿ ಏನಲ್ಲ. ಬ್ರಿಟನ್, ಐರ್ಲೆಂಡ್, ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್, ಹೀಗೆ ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ದಂಡೆಗಳಲ್ಲಿ ಎಲ್ಲಿ ಬಂಡೆ ಇದೆಯೋ ಅಲ್ಲಿ ಇದು ಇದೆ ಅನ್ನಬಹುದು. ಬಾಲ್ಟಿಕ್ ಸಮುದ್ರದ ಪಶ್ಚಿಮಕ್ಕಿರುವ ಕೀಲ್ ಕೊಲ್ಲಿಯಲ್ಲೂ ಬೆಳೆಯುತ್ತದೆ. ನೀರು ಇಳಿದಾಗ ಬಂಡೆಯ ಕೆಳಗೆ ಬಗ್ಗಿ ನೋಡಿದರೆ, ನೆರಳಿರುವ ಕಡೆ, ದೊಡ್ಡ ಕಡಲಪಾಚಿಗಳ ಬುಡದಲ್ಲಿ, ಹಸಿರು ಅಥವಾ ತಿಳಿ ಹಳದಿ ಬಣ್ಣದ ಪದರವಾಗಿ ಅಂಟಿಕೊಂಡಿರುತ್ತದೆ. ದಡದಲ್ಲಿ ಆಡುವ ಮಕ್ಕಳಿಗೂ ಕೈಗೆ ಸಿಗುವಂಥ ಪ್ರಾಣಿ. ಮುರಿದರೆ ತೀಕ್ಷ್ಣ ವಾಸನೆ ಬರುತ್ತದೆ. ಸಿಡಿಮದ್ದು ಸುಟ್ಟ ವಾಸನೆ ಅಂತ ಅಲ್ಲಿನ ಕೈಪಿಡಿಗಳು ಬರೆಯುತ್ತವೆ.

ಇಷ್ಟು ಸಾಮಾನ್ಯವಾಗಿ ಸಿಗುವ ಪ್ರಾಣಿಗೆ 1766ರಿಂದ ಈಚೆಗೆ ಎಷ್ಟು ಲ್ಯಾಟಿನ್ ಹೆಸರು ಇಟ್ಟಿದ್ದಾರೆ ಗೊತ್ತಾ? 56. ಸಾಗರ ಜೀವಿಗಳ ಹೆಸರುಗಳನ್ನೆಲ್ಲ ಒಂದೇ ಕಡೆ ಸೇರಿಸುವ ಜಾಗತಿಕ ಪಟ್ಟಿ ಒಂದಿದೆ, ಅದನ್ನು ವರ್ಮ್ಸ್ ಅನ್ನುತ್ತಾರೆ. ಅದರ ಸಂಪಾದಕರು 4 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಒಂದೊಂದಾಗಿ ನೋಡಿ, ಅದರಲ್ಲಿ ಸುಮಾರು 1 ಲಕ್ಷ 90 ಸಾವಿರ ಹೆಸರುಗಳು ಒಂದೇ ಪ್ರಾಣಿಗೆ ಮತ್ತೆ ಮತ್ತೆ ಇಟ್ಟವು ಅಂತ 2015ರಲ್ಲಿ ಹೇಳಿದರು. ಆಗ ಅವರು ಉದಾಹರಣೆಗೆ ಎತ್ತಿ ತೋರಿಸಿದ ಪ್ರಾಣಿಗಳಲ್ಲಿ ಪ್ಯಾನಿಸಿಯಾ ಕೂಡ ಒಂದು.

ಹೀಗೆ ಯಾಕಾಯಿತು? ಹೆಸರಿಟ್ಟವರು ಅಸಡ್ಡೆಯ ಜನ ಅಲ್ಲ. ತಮ್ಮ ಕಾಲದಲ್ಲಿ ಸ್ಪಂಜುಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ. ಕಾರಣ ಇರುವುದು ಪ್ರಾಣಿಯ ಬದುಕಿನಲ್ಲಿ. ಸ್ಪಂಜಿನಲ್ಲಿ ನಮ್ಮ ಕಣ್ಣಿಗೆ ಮೊದಲು ಬೀಳುವ ಆಕಾರ, ಬಣ್ಣ, ದಪ್ಪ ಎಲ್ಲವೂ ಅದು ಎಲ್ಲಿ ಕೂತಿದೆ ಅನ್ನುವುದನ್ನು ಹೇಳುತ್ತವೆ. ಅದು ಯಾವುದು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಈ ಪ್ರಾಣಿಯ ಒಳಗೆ ಏನಿದೆ ನೋಡೋಣ.

ಸ್ಪಂಜಿಗೆ ಬಾಯಿ ಇಲ್ಲ, ಹೊಟ್ಟೆ ಇಲ್ಲ, ನರ ಇಲ್ಲ, ಸ್ನಾಯು ಇಲ್ಲ, ಹೃದಯ ಇಲ್ಲ. ಇರುವುದು ನೀರು ಹರಿಯುವ ಕಾಲುವೆಗಳ ಜಾಲ. ಮೈಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಅವುಗಳ ಮೂಲಕ ನೀರು ಒಳಗೆ ಬರುತ್ತದೆ. ಕಾಲುವೆಗಳು ಕವಲೊಡೆಯುತ್ತಾ ಹೋಗಿ ಪುಟ್ಟ ಪುಟ್ಟ ಕೋಣೆಗಳಿಗೆ ಸೇರುತ್ತವೆ. ಆ ಕೋಣೆಗಳ ಗೋಡೆ ತುಂಬಾ ಒಂದು ಬಗೆಯ ಜೀವಕೋಶ ಇದೆ, ಅದಕ್ಕೆ ಕಾಲರ್ ಕೋಶ ಅನ್ನುತ್ತಾರೆ. ಪ್ರತಿ ಕೋಶಕ್ಕೂ ಚಾಟಿಯಂಥ ಒಂದು ಎಳೆ, ಅದರ ಸುತ್ತ ತೀರ ಸಣ್ಣ ಕೂದಲುಗಳ ಒಂದು ಕಾಲರ್. ಚಾಟಿ ಬೀಸಿದಾಗ ನೀರು ಮುಂದೆ ಹೋಗುತ್ತದೆ, ನೀರಿನಲ್ಲಿರುವ ಬ್ಯಾಕ್ಟೀರಿಯಾ ಕಾಲರ್‌ಗೆ ಸಿಕ್ಕಿಬೀಳುತ್ತದೆ. ಅದೇ ಊಟ. ಸೋಸಿದ ನೀರೆಲ್ಲ ದೊಡ್ಡ ಕಾಲುವೆಗೆ ಸೇರಿ, ಆಸ್ಕುಲಮ್ ಅನ್ನುವ ದೊಡ್ಡ ತೂತಿನಿಂದ ಹೊರಗೆ ಚಿಮ್ಮುತ್ತದೆ. ದಿನವೊಂದಕ್ಕೆ ಒಂದು ಸ್ಪಂಜು ತನ್ನ ಮೈಯ ಗಾತ್ರದ ಸಾವಿರಾರು ಪಟ್ಟು ನೀರನ್ನು ಹೀಗೆ ಸೋಸುತ್ತದೆ.

ಆ ದೊಡ್ಡ ತೂತಿನಿಂದ ನೀರು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಅನ್ನುವುದೇ 200 ವರ್ಷದ ಹಿಂದೆ ಸರಿಯಾಗಿ ಗೊತ್ತಿರಲಿಲ್ಲ. ಸ್ಪಂಜು ಗಿಡವೋ ಪ್ರಾಣಿಯೋ ಅನ್ನುವುದೂ ತೀರ್ಮಾನ ಆಗಿರಲಿಲ್ಲ. ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೂಡ ಮೊದಲು ಅವನ್ನು ಪಾಚಿಗಳ ಜೊತೆ ಇಟ್ಟಿದ್ದ. ಇದನ್ನು ಬಗೆಹರಿಸಿದವನು ಎಡಿನ್‌ಬರೋದ ರಾಬರ್ಟ್ ಗ್ರಾಂಟ್. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯ ದಂಡೆಯಿಂದ ಬಗೆಬಗೆಯ ಸ್ಪಂಜುಗಳನ್ನು ಜೀವಂತವಾಗಿ ತಂದು, ಗಡಿಯಾರದ ಗಾಜಿನಂಥ ಪುಟ್ಟ ತಟ್ಟೆಯಲ್ಲಿ ಸಮುದ್ರದ ನೀರು ಹಾಕಿ, ಅದರಲ್ಲಿ ಸ್ಪಂಜಿನ ತುಂಡು ಇಟ್ಟು, ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾ ಕೂತ. ನೀರಿನಲ್ಲಿ ತೇಲುವ ಕಣಗಳು ದೊಡ್ಡ ತೂತಿನಿಂದ ರಭಸವಾಗಿ ಹೊರಗೆ ಬರುತ್ತಲೇ ಇದ್ದವು. ನಿಲ್ಲಲೇ ಇಲ್ಲ. ಜೀವಂತ ಕಾರಂಜಿ ಅಂತ ಅವನು ಅದನ್ನು ಸಂತೋಷದಿಂದ ಬಣ್ಣಿಸಿದ್ದಾನೆ. ಒಂದು ಸ್ಪಂಜಿನಲ್ಲಿ ನೋಡಿ ಸುಮ್ಮನಾಗದೆ ಬೇರೆ ಬೇರೆ ಸ್ಪಂಜುಗಳಲ್ಲಿ ನೋಡಿದ, ಎಲ್ಲದರಲ್ಲೂ ನೀರು ಹೊರಗೇ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವನ ಜೊತೆ ದಂಡೆಯಲ್ಲಿ ಓಡಾಡುತ್ತಾ ಸಮುದ್ರ ಜೀವಿಗಳನ್ನು ಹೆಕ್ಕುತ್ತಿದ್ದ ಒಬ್ಬ ವಿದ್ಯಾರ್ಥಿ ಇದ್ದ. ಅವನೇ ಚಾರ್ಲ್ಸ್ ಡಾರ್ವಿನ್. ಸ್ಪಂಜುಗಳ ವಂಶಕ್ಕೆ ಪೊರಿಫೆರಾ ಅನ್ನುವ ಹೆಸರು ಬಂದಿದ್ದೂ ಗ್ರಾಂಟ್‌ನಿಂದಲೇ.

ಈ ಕಥೆಯಲ್ಲಿ ನಮ್ಮ ದೇಶದ ಒಂದು ಪಾಲೂ ಇದೆ. ಬಾಂಬೆಯಲ್ಲಿ ಕಂಪನಿ ಸರ್ಕಾರದ ವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರ್, ಊರಿನ ಕೆರೆಗಳಲ್ಲಿ ಬೆಳೆಯುತ್ತಿದ್ದ ಸಿಹಿನೀರಿನ ಸ್ಪಂಜುಗಳನ್ನು 1840ರ ದಶಕದಲ್ಲಿ ಅಭ್ಯಾಸ ಮಾಡಲು ಶುರು ಮಾಡಿದ. ನೀರಿಗೆ ಬಣ್ಣದ ಪುಡಿ ಬೆರೆಸಿ, ಅದು ಸ್ಪಂಜಿನ ಒಳಗೆ ಎಲ್ಲಿ ಹೋಗಿ ಸೇರುತ್ತದೆ ಅಂತ ಹಿಂಬಾಲಿಸಿ ನೋಡಿದ. ಪುಡಿ ಹೋಗಿ ಸೇರಿದ್ದು ಆ ಪುಟ್ಟ ಕೋಣೆಗಳಿಗೆ. ಸ್ಪಂಜು ಹೇಗೆ ಉಣ್ಣುತ್ತದೆ ಅನ್ನುವ ತಿಳಿವಳಿಕೆಯ ಒಂದು ಭಾಗ ಬಾಂಬೆಯ ಕೆರೆಗಳಿಂದ ಬಂದಿದೆ ಅನ್ನುವುದು ನನಗಂತೂ ಖುಷಿಯ ವಿಷಯ.

ಈಗ ಪ್ಯಾನಿಸಿಯಾದ ಆಕಾರಕ್ಕೆ ಬರೋಣ. ಗೊಂದಲ ಶುರುವಾಗುವುದೇ ಇಲ್ಲಿ.

ಅಲೆ ಜೋರಾಗಿ ಬಡಿಯುವ ಬಂಡೆಯ ಮೇಲೆ ಇದು ಕೆಲವೇ ಮಿಲಿಮೀಟರ್ ದಪ್ಪದ ಗಟ್ಟಿ ಪದರ. ಆಸ್ಕುಲಮ್‌ಗಳು ಬಂಡೆಗೆ ಅಂಟಿದಂತೆ ತಗ್ಗಾಗಿ ಇರುತ್ತವೆ. ನೀರು ಶಾಂತವಾಗಿರುವ ಕಡೆ ಇದೇ ಪ್ರಾಣಿ ದಪ್ಪಗೆ ಬೆಳೆದು, ಒಂದೊಂದು ಆಸ್ಕುಲಮ್ ಕೊಳವೆಯಾಗಿ ಮೇಲೆದ್ದು ನಿಲ್ಲುತ್ತದೆ. ಕೆಲವು ಕಡೆ ಕವಲು ಕವಲಾಗಿ ಬೆರಳುಗಳ ರೂಪ ತಾಳುತ್ತದೆ. ಬಿಸಿಲು ಬೀಳುವ ಕಡೆ ಹಸಿರು, ಯಾಕೆಂದರೆ ಮೈಯೊಳಗೆ ಸೂಕ್ಷ್ಮ ಪಾಚಿಗಳು ಸೇರಿಕೊಂಡಿರುತ್ತವೆ. ನೆರಳಲ್ಲಿ, ಆಳದಲ್ಲಿ ತಿಳಿ ಹಳದಿ ಅಥವಾ ಕೆನೆ ಬಣ್ಣ. ಒಂದೇ ಬಂಡೆಯ ಮೇಲ್ಮೈಯಲ್ಲಿ ಹಸಿರು, ಅಡಿಯಲ್ಲಿ ಹಳದಿ ಇರುವುದೂ ಉಂಟು. 1800ರ ಆಸುಪಾಸಿನಲ್ಲಿ, ಸ್ಕಾಟ್ಲೆಂಡಿನಿಂದ ಒಬ್ಬರು, ಫ್ರಾನ್ಸಿನಿಂದ ಒಬ್ಬರು, ನಾರ್ವೆಯಿಂದ ಇನ್ನೊಬ್ಬರು ಒಣಗಿಸಿದ ತುಂಡುಗಳನ್ನು ಪೆಟ್ಟಿಗೆಯಲ್ಲಿ ತಂದು ಮೇಜಿನ ಮೇಲೆ ಇಟ್ಟರೆ, ಇವೆಲ್ಲ ಒಂದೇ ಪ್ರಾಣಿ ಅಂತ ಯಾರು ತಾನೇ ಹೇಳುತ್ತಾರೆ? ಬೇರೆ ಬೇರೆ ಹೆಸರು ಇಟ್ಟರು. ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ?

ಆಕಾರ ಬದಲಾಗುವುದು ಬರೀ ಊಹೆ ಅಲ್ಲ, ಪ್ರಯೋಗದಲ್ಲಿ ನೋಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತುದಿಯಲ್ಲಿ ಟಟೂಷ್ ಅನ್ನುವ ಪುಟ್ಟ ದ್ವೀಪ ಇದೆ. ಪೆಸಿಫಿಕ್ ಅಲೆಗಳು ನೇರವಾಗಿ ಬಂದು ಬಡಿಯುವ ಜಾಗ. ಅಲ್ಲಿ ಪ್ಯಾನಿಸಿಯಾ ಅಂತ ಕರೆಯುವ ಸ್ಪಂಜಿನ ಮೇಲೆ ಸ್ಟೀಫನ್ ಪಲುಂಬಿ 1980ರ ದಶಕದ ಶುರುವಿನಲ್ಲಿ ಕೆಲಸ ಮಾಡಿದರು. ಶಾಂತ ನೀರಿನಲ್ಲಿದ್ದ ತುಂಡನ್ನು ಅಲೆ ಜಾಸ್ತಿ ಇರುವ ಕಡೆಗೆ ಸಾಗಿಸಿದರೆ ಅದು ಬೇಗನೆ ಗಡುಸಾಗುತ್ತದೆ. ಉಲ್ಟಾ ಮಾಡಿದರೆ, ಅಂದರೆ ಅಲೆಯಿಂದ ಶಾಂತ ನೀರಿಗೆ ತಂದರೆ, ಮೆದುವಾಗಲು ತುಂಬಾ ನಿಧಾನ ಮಾಡುತ್ತದೆ. ಕಾರಣ ಯೋಚಿಸಿ ನೋಡಿ. ಗಡುಸಾಗುವುದು ತಡವಾದರೆ ಮುಂದಿನ ದೊಡ್ಡ ಅಲೆಗೆ ಕಿತ್ತು ಹೋಗುತ್ತದೆ. ಮೆದುವಾಗುವುದು ತಡವಾದರೆ ಹೆಚ್ಚೆಂದರೆ ಬೆಳವಣಿಗೆ ಸ್ವಲ್ಪ ಕುಂಠಿತವಾಗುತ್ತದೆ. ಮಿದುಳಿಲ್ಲದ ಪ್ರಾಣಿ ಇಂಥ ಲೆಕ್ಕಾಚಾರವನ್ನು ತನ್ನ ಮೈಯಲ್ಲೇ ಇಟ್ಟುಕೊಂಡಿದೆ. ನನ್ನ ಮಟ್ಟಿಗೆ ಸ್ಪಂಜುಗಳ ಬಗ್ಗೆ ಓದಿದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದು ಒಂದು.

ಇನ್ನೊಂದು ವಿಷಯ. ಸಮುದ್ರದಲ್ಲಿ ಕದಲದೆ ಕೂತಿರುವ ಯಾವುದರ ಮೇಲೂ ಬೇರೆ ಜೀವಿಗಳು ಬಂದು ಕೂರುತ್ತವೆ. ದೋಣಿಯ ತಳ ನೋಡಿದವರಿಗೆ ಗೊತ್ತು. ಸ್ಪಂಜಿನ ಮೇಲೆ ಹಾಗೆ ಬೆಳೆದರೆ ರಂಧ್ರಗಳೆಲ್ಲ ಮುಚ್ಚಿ ಅದು ಸಾಯಬೇಕು. ಪ್ಯಾನಿಸಿಯಾ ಏನು ಮಾಡುತ್ತದೆ ಅಂದರೆ ತನ್ನ ಮೇಲಿನ ತೆಳು ಪದರವನ್ನೇ ಆಗಾಗ ಕಳಚಿ ಹಾಕುತ್ತದೆ. ಕೂತಿದ್ದ ಕೊಳೆ, ಪಾಚಿ, ಪುಟ್ಟ ಜೀವಿಗಳೆಲ್ಲ ಅದರ ಜೊತೆ ಹೋಗುತ್ತವೆ. ಕೀಲ್ ಕೊಲ್ಲಿಯ ಸ್ಪಂಜುಗಳಲ್ಲಿ ಇದನ್ನು ನೋಡಿ 1989ರಲ್ಲಿ ಡಾಗ್ಮಾರ್ ಬಾರ್ಟೆಲ್ ಮತ್ತು ಅವರ ಸಹೋದ್ಯೋಗಿ ಬರೆದಿದ್ದಾರೆ. ಆ ಕೊಲ್ಲಿಯಲ್ಲಿ ಪ್ಯಾನಿಸಿಯಾ ಕೂರುವುದೇ ಒಂದು ಕೆಂಪು ಪಾಚಿಯ ಮೇಲೆ. ಬೇರೆಯವರ ಮೈಮೇಲೆ ತಾನು ಬೆಳೆಯುತ್ತದೆ, ತನ್ನ ಮೈಮೇಲೆ ಯಾರನ್ನೂ ಬೆಳೆಯಲು ಬಿಡುವುದಿಲ್ಲ.

ಆದರೆ ತಿನ್ನುವವರನ್ನು ತಡೆಯಲು ಅದರಿಂದ ಆಗುವುದಿಲ್ಲ. ಬ್ರಿಟನ್ ಕಡೆ ಸೀ ಲೆಮನ್ ಅನ್ನುವ ಚಿಪ್ಪಿಲ್ಲದ ಕಡಲಹುಳು ಇದೆ. ಬಸವನಹುಳುವಿನ ಸಂಬಂಧಿ. ಮಾಸಲು ಹಳದಿ ಬಣ್ಣ, ಬೆನ್ನ ಮೇಲೆಲ್ಲ ಸಣ್ಣ ಗುಳ್ಳೆಗಳು. ಅದರ ಮುಖ್ಯ ಊಟ ಪ್ಯಾನಿಸಿಯಾ. ಸ್ಪಂಜಿನ ಮೇಲೆ ಕೂತು ಮೇಯುತ್ತಿದ್ದರೆ ಹುಳು ಎಲ್ಲಿ ಮುಗಿಯಿತು, ಸ್ಪಂಜು ಎಲ್ಲಿ ಶುರುವಾಯಿತು ಅಂತ ತಿಳಿಯುವುದೇ ಕಷ್ಟ, ಅಷ್ಟು ಹೊಂದಿಕೊಳ್ಳುತ್ತದೆ. ಸ್ಪಂಜಿನ ಮೈ ತುಂಬ ಗಾಜಿನ ಸೂಜಿಗಳಿವೆ. ಅವನ್ನೂ ಸೇರಿಸಿಯೇ ತಿನ್ನುತ್ತದೆ ಈ ಹುಳು.

ಆ ಸೂಜಿಗಳ ಬಗ್ಗೆ ಈಗ ಹೇಳಬೇಕು. ವರ್ಗೀಕರಣ ನಿಂತಿರುವುದೇ ಅವುಗಳ ಮೇಲೆ.

ಒಂದು ಗಾಜಿನ ಸ್ಲೈಡ್ ತೆಗೆದುಕೊಳ್ಳಿ. ಅಕ್ಕಿಕಾಳಿನಷ್ಟು ಸ್ಪಂಜಿನ ತುಂಡನ್ನು ಅದರ ಮೇಲಿಡಿ. ಬಟ್ಟೆಗೆ ಹಾಕುವ ಬ್ಲೀಚ್ ಎರಡು ಹನಿ ಬಿಡಿ. ಸ್ವಲ್ಪ ಹೊತ್ತು ನೊರೆ ಬರುತ್ತದೆ, ಮಾಂಸವೆಲ್ಲ ಕರಗುತ್ತದೆ. ಮೆಲ್ಲಗೆ ನೀರಿನಿಂದ ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಉಳಿದಿರುವುದು ಬರೀ ಗಾಜು. ನೂರಾರು ಸೂಜಿಗಳು. ಪ್ಯಾನಿಸಿಯಾದಲ್ಲಿ ಇವು ಒಂದೇ ಬಗೆಯವು: ನೀಳವಾಗಿ, ಲೇಸಾಗಿ ಬಾಗಿ, ಎರಡೂ ತುದಿ ಚೂಪಾಗಿ ಇರುತ್ತವೆ. ಉದ್ದ ಹೆಚ್ಚಾಗಿ ಒಂದು ಮಿಲಿಮೀಟರ್‌ನ ಮೂರನೇ ಒಂದು ಭಾಗದ ಆಸುಪಾಸು. ಈ ಬಗೆಯ ಸೂಜಿಗೆ ಆಕ್ಸಿಯಾ ಅನ್ನುತ್ತಾರೆ, ಸ್ಪಂಜಿನ ಎಲ್ಲ ಬಗೆಯ ಸೂಜಿಗಳಿಗೂ ಒಟ್ಟಾಗಿ ಸ್ಪಿಕ್ಯೂಲ್ ಅನ್ನುತ್ತಾರೆ. ನಾವು ಗಾಜು ಮಾಡಲು ಕುಲುಮೆ ಉರಿಸಬೇಕು. ಸ್ಪಂಜು ತಣ್ಣನೆಯ ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿಕೊಂಡು, ಒಂದು ಪ್ರೋಟೀನ್ ಎಳೆಯ ಸುತ್ತ ಪದರ ಪದರವಾಗಿ ಕಟ್ಟುತ್ತದೆ.

ಸೂಜಿಯ ಆಕಾರ ಗೊತ್ತಾದರೆ ಅರ್ಧ ಕೆಲಸ ಆಯಿತು. ಸೂಜಿಗಳು ಒಳಗೆ ಹೇಗೆ ಜೋಡಣೆಯಾಗಿವೆ ಅನ್ನುವುದು ಇನ್ನರ್ಧ. ಅದಕ್ಕೆ ಸ್ಪಂಜನ್ನು ತೆಳ್ಳಗೆ ಕೊಯ್ದು ನೋಡಬೇಕು. ಪ್ಯಾನಿಸಿಯಾದ ಒಳಭಾಗದಲ್ಲಿ ಸೂಜಿಗಳು ಅಡ್ಡಾದಿಡ್ಡಿ, ಯಾವ ಕ್ರಮವೂ ಕಾಣುವುದಿಲ್ಲ. ಹಿಡಿದಿಡುವ ನಾರೂ ಕಡಿಮೆ, ಅದಕ್ಕೇ ಮುರಿದಾಗ ಪುಡಿಯಾಗುವುದು. ಮೇಲ್ಮೈಯಲ್ಲಿ ಮಾತ್ರ ಅವು ಚರ್ಮಕ್ಕೆ ಸಮನಾಗಿ ಮಲಗಿ ಒಂದು ಬಲೆ ಹೆಣೆಯುತ್ತವೆ. ಆ ಚರ್ಮವನ್ನು ತೆಳು ಕಾಗದದ ಹಾಗೆ ಸುಲಿದು ತೆಗೆಯಬಹುದು. ಬಲೆ ಮೇಲೆ, ಗಜಿಬಿಜಿ ಒಳಗೆ. ಅಲೆಯ ಬಂಡೆಯಲ್ಲಿರಲಿ ಶಾಂತ ನೀರಿನಲ್ಲಿರಲಿ, ಹಸಿರಿರಲಿ ಹಳದಿ ಇರಲಿ, ಈ ಎರಡು ಗುಣ ಬದಲಾಗುವುದಿಲ್ಲ. 56 ಹೆಸರುಗಳನ್ನು ಒಂದಕ್ಕೆ ಇಳಿಸಿದ್ದು ಬಹುಮಟ್ಟಿಗೆ ಇಂಥ ಸ್ಲೈಡುಗಳ ಮುಂದೆ ಕೂತ ಜನ. ತಾಳ್ಮೆ ಬೇಡುವ ಕೆಲಸ, ಹೆಸರು ತಂದುಕೊಡದ ಕೆಲಸ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಹೆಸರಿನ ಇತಿಹಾಸ ಬೇಗ ಹೇಳಿ ಮುಗಿಸುತ್ತೇನೆ. 1766ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಅನ್ನುವ ಜರ್ಮನ್ ಪ್ರಕೃತಿ ವಿಜ್ಞಾನಿ, ಆಗ ಅವನಿಗೆ ಇಪ್ಪತ್ತೈದರ ವಯಸ್ಸು, ಇದನ್ನು ಸ್ಪಾಂಜಿಯಾ ಪ್ಯಾನಿಸಿಯಾ ಅಂತ ಕರೆದ. ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನದು. ಆಗ ಹೆಚ್ಚುಕಡಿಮೆ ಎಲ್ಲ ಸ್ಪಂಜುಗಳೂ ಸ್ಪಾಂಜಿಯಾ ಕುಲಕ್ಕೇ ಸೇರುತ್ತಿದ್ದವು. 1828ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಜಾನ್ ಫ್ಲೆಮಿಂಗ್ ಹ್ಯಾಲಿಕಾಂಡ್ರಿಯಾ ಅನ್ನುವ ಕುಲವನ್ನು ಮಾಡಿದ. ಪ್ರಾಣಿಶಾಸ್ತ್ರದ ನಿಯಮದಂತೆ ಒಂದೇ ಪ್ರಭೇದಕ್ಕೆ ಹಲವು ಹೆಸರಿದ್ದರೆ ಮೊದಲು ಇಟ್ಟದ್ದೇ ನಿಲ್ಲುತ್ತದೆ. ಹಾಗಾಗಿ ಪಲ್ಲಾಸ್ ಇಟ್ಟ ಪ್ಯಾನಿಸಿಯಾ ಉಳಿಯಿತು. ಪುಸ್ತಕಗಳಲ್ಲಿ ಪಲ್ಲಾಸ್, 1766 ಅನ್ನುವುದನ್ನು ಕಂಸದೊಳಗೆ ಬರೆದಿರುತ್ತಾರೆ. ಕಂಸ ಇದ್ದರೆ ಈ ಪ್ರಭೇದ ಈಗ ಮೊದಲಿನ ಕುಲದಲ್ಲಿ ಇಲ್ಲ ಅಂತ ಅರ್ಥ.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡರೆ, ಮೇಲಿನ ಹಂತದಲ್ಲಿ ಇನ್ನೊಂದು ತಕರಾರು ಎದ್ದಿತು.

ಸ್ಪಂಜುಗಳಲ್ಲಿ ನಾಲ್ಕು ವರ್ಗಗಳಿವೆ. ನಮ್ಮದು ಡೆಮೊಸ್ಪಾಂಜಿಯೇ ವರ್ಗ. ಮುಕ್ಕಾಲು ಪಾಲಿಗೂ ಹೆಚ್ಚು ಸ್ಪಂಜುಗಳು ಇದರಲ್ಲೇ ಇವೆ. ವರ್ಗದ ಕೆಳಗೆ ಗಣ, ಗಣದ ಕೆಳಗೆ ಕುಟುಂಬ. ಬಹಳ ಕಾಲ ಹ್ಯಾಲಿಕಾಂಡ್ರಿಡಾ ಅನ್ನುವ ಒಂದು ಗಣ ಇತ್ತು, ಈ ನಮ್ಮ ಸ್ಪಂಜಿನ ಕುಲದ ಹೆಸರೇ ಅದಕ್ಕೆ. 2002ರಲ್ಲಿ ಜಾನ್ ಹೂಪರ್ ಮತ್ತು ರಾಬ್ ವಾನ್ ಸೂಸ್ಟ್ ಸಂಪಾದಿಸಿದ ಸಿಸ್ಟೆಮಾ ಪೊರಿಫೆರಾ ಬಂತು. ಪ್ರಪಂಚದ ಸ್ಪಂಜುಗಳ ಎಲ್ಲ ಕುಲಗಳನ್ನೂ ಮತ್ತೆ ಪರಿಶೀಲಿಸಿದ ಎರಡು ದಪ್ಪ ಸಂಪುಟಗಳು. ಅದರಲ್ಲೂ ಈ ಗಣ ಇತ್ತು. ಅಷ್ಟು ಹೊತ್ತಿಗೆ ಡಿಎನ್‌ಎ ಓದುವುದು ಸುಲಭವಾಗುತ್ತಾ ಬಂದಿತ್ತು. ಓದಿದಾಗ ಕಂಡಿದ್ದೇನೆಂದರೆ, ಈ ಗಣದಲ್ಲಿ ಒಟ್ಟಿಗೆ ಇಟ್ಟಿದ್ದ ಕುಟುಂಬಗಳು ನಿಜವಾಗಿ ಒಂದಕ್ಕೊಂದು ಹತ್ತಿರದ ನೆಂಟರಲ್ಲ. ಪ್ಯಾನಿಸಿಯಾದ ಹತ್ತಿರದ ನೆಂಟರು ಬೇರೆ ಗಣದಲ್ಲಿ ಕೂತಿದ್ದರು. ಅವು ಸುಬೆರೈಟಿಸ್ ಕುಲದ ಸ್ಪಂಜುಗಳು. ಸನ್ಯಾಸಿ ಏಡಿಗಳು ಒಳಗೆ ಸೇರಿಕೊಂಡು ಹೊತ್ತುಕೊಂಡು ಓಡಾಡುತ್ತವಲ್ಲ, ಆ ಸ್ಪಂಜು.

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಸುಬೆರೈಟಿಸ್ ಮುಟ್ಟಿದರೆ ಬಿಗಿಯಾಗಿ ರಬ್ಬರಿನ ಹಾಗೆ ಇರುತ್ತದೆ. ಅದರ ಸೂಜಿಗಳಿಗೆ ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಗುಂಡು ತಲೆ, ಗುಂಡುಸೂಜಿಯೇ. ಮೇಲ್ಮೈಯಲ್ಲಿ ಅವು ಹೊರಗೆ ಮುಖ ಮಾಡಿ ನಿಂತಿರುತ್ತವೆ. ಪ್ಯಾನಿಸಿಯಾದಲ್ಲಿ ಮಲಗಿರುತ್ತವೆ. ಆದರೂ ಬೇರೆ ಬೇರೆ ಜೀನ್‌ಗಳನ್ನು ಬೇರೆ ಬೇರೆ ತಂಡಗಳು ಓದಿದಾಗ ಮತ್ತೆ ಮತ್ತೆ ಅದೇ ಉತ್ತರ ಬಂತು. 2015ರಲ್ಲಿ ಕ್ರಿಸ್ಟೀನ್ ಮಾರೋ ಮತ್ತು ಪಾಕೊ ಕಾರ್ಡೆನಾಸ್ ಡೆಮೊಸ್ಪಾಂಜಿಯೇ ವರ್ಗದ ಹೊಸ ವಿಂಗಡಣೆ ಪ್ರಕಟಿಸಿದರು. ಹ್ಯಾಲಿಕಾಂಡ್ರಿಡಾ ಗಣವನ್ನು ಕೈಬಿಟ್ಟರು. ನಮ್ಮ ಪ್ಯಾನಿಸಿಯಾ ಈಗ ಸುಬೆರಿಟಿಡಾ ಗಣ, ಹ್ಯಾಲಿಕಾಂಡ್ರಿಡೇ ಕುಟುಂಬ. ಒಂದು ಗಣಕ್ಕೇ ಹೆಸರು ಕೊಟ್ಟಿದ್ದ ಸ್ಪಂಜು, ಇವತ್ತು ಇನ್ನೊಬ್ಬರ ಹೆಸರಿನ ಗಣದಲ್ಲಿ ಇದೆ.

ಸೂಜಿಗಳು ಸುಳ್ಳು ಹೇಳಿದವು ಅಂತ ಇದರಿಂದ ತೀರ್ಮಾನಿಸಬೇಡಿ. ಎರಡು ತುದಿ ಚೂಪಾದ ಸೂಜಿ ತೀರಾ ಸರಳವಾದ ವಸ್ತು. ಅದು ಹಲವು ಸಲ, ಹಲವು ವಂಶಗಳಲ್ಲಿ ಬಂದಿದೆ. ಸರಳ ಗುಣಗಳ ಮೇಲೆ ದೊಡ್ಡ ಗುಂಪು ಕಟ್ಟಿದರೆ ಹೀಗಾಗುತ್ತದೆ. ಪ್ರಭೇದದ ಮಟ್ಟದಲ್ಲಿ ಅದೇ ಸೂಜಿಗಳು ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಇನ್ನು ಗೊಂದಲದ ಇನ್ನೊಂದು ಮುಖ. ಇಷ್ಟು ಹೊತ್ತು ಒಂದು ಪ್ರಾಣಿಗೆ ಹಲವು ಹೆಸರು ಅಂತ ಹೇಳಿದೆ. ಒಂದೇ ಹೆಸರಿನ ಹಿಂದೆ ಹಲವು ಪ್ರಾಣಿಗಳೂ ಅಡಗಿರುತ್ತವೆ.

ಪ್ಯಾನಿಸಿಯಾದ ಜೊತೆಗೇ, ಅದೇ ದಂಡೆಯಲ್ಲಿ, ಹ್ಯಾಲಿಕಾಂಡ್ರಿಯಾ ಬೋವರ್‌ಬ್ಯಾಂಕಿ ಅನ್ನುವ ಇನ್ನೊಂದು ಸ್ಪಂಜು ಇದೆ. ಅದನ್ನು ಬೇರೆ ಪ್ರಭೇದ ಅಂತ ಹೆಸರಿಸಿದ್ದು 1930ರಲ್ಲಿ, ಮಾರಿಸ್ ಬರ್ಟನ್. ಅಂದರೆ 160 ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಅಷ್ಟು ಮಂದಿ ವಿದ್ವಾಂಸರ ಕಣ್ಣೆದುರೇ ಇದ್ದೂ ಅದು ಪ್ಯಾನಿಸಿಯಾ ಜೊತೆ ಬೆರೆತು ಹೋಗಿತ್ತು. ಸೂಜಿಗಳು ಹೆಚ್ಚುಕಡಿಮೆ ಒಂದೇ. ಆದರೆ ಸುಲಿಯಲು ಬರುವ ಆ ಬಿಗಿ ಚರ್ಮ ಇದಕ್ಕಿಲ್ಲ. ಆಸ್ಕುಲಮ್‌ಗಳು ಎದ್ದು ಕಾಣುವುದಿಲ್ಲ. ಮರಿ ಹಾಕುವ ಕಾಲವೂ ಬೇರೆ, ಬೋವರ್‌ಬ್ಯಾಂಕಿ ತಡ. ನೆದರ್ಲೆಂಡ್ಸಿನ ದಂಡೆಯಲ್ಲಿ ಎರಡನ್ನೂ ಜೊತೆಯಲ್ಲಿಟ್ಟು ನೋಡಿದ ಅಧ್ಯಯನ 1982ರಲ್ಲಿ ಬಂತು.

ಮರಿ ಅಂದೆನಲ್ಲ, ಸ್ಪಂಜು ಮರಿಗಳನ್ನು ತನ್ನ ಮೈಯೊಳಗೇ ಬೆಳೆಸುತ್ತದೆ. ಬೇಸಿಗೆಯ ಹೊತ್ತಿಗೆ ಲಾರ್ವಾಗಳು ಹೊರಗೆ ಬರುತ್ತವೆ. ಮೈತುಂಬಾ ಸಣ್ಣ ರೋಮ, ಅವನ್ನು ಆಡಿಸುತ್ತಾ ಈಜುತ್ತವೆ. ಈ ಪ್ರಾಣಿ ತನ್ನ ಬದುಕಿನಲ್ಲಿ ಓಡಾಡುವುದು ಇಷ್ಟೇ. ಆಮೇಲೆ ಒಂದು ಕಡೆ ಕೂತರೆ ಅದೇ ಮನೆ. ಇಷ್ಟು ಕಡಿಮೆ ಹೊತ್ತು ಈಜುವ ಲಾರ್ವಾ ಇರುವ ಪ್ರಾಣಿ ಅಟ್ಲಾಂಟಿಕ್‌ನಲ್ಲೂ ಪೆಸಿಫಿಕ್‌ನಲ್ಲೂ ಒಂದೇ ಆಗಿರಲು ಹೇಗೆ ಸಾಧ್ಯ? ನ್ಯಾಯವಾದ ಪ್ರಶ್ನೆ. ಅಲಾಸ್ಕಾದ ಪ್ಯಾನಿಸಿಯಾವನ್ನೂ ಯುರೋಪಿನ ಪ್ಯಾನಿಸಿಯಾವನ್ನೂ ಡಿಎನ್‌ಎ ಮಟ್ಟದಲ್ಲಿ 2004ರಲ್ಲಿ ಹೋಲಿಸಿದ್ದಾರೆ. ಎರಡೂ ಒಂದೇ ಅನ್ನುವುದರ ಮೇಲೆ ಅದರಿಂದ ದೊಡ್ಡ ಅನುಮಾನ ಎದ್ದಿದೆ. ಹಾಗಾಗಿ ಟಟೂಷ್ ದ್ವೀಪದ ಆ ಸುಂದರ ಪ್ರಯೋಗ ಹೇಳುವಾಗ ನಾನು ಪ್ಯಾನಿಸಿಯಾ ಅಂತ ಕರೆಯುವ ಸ್ಪಂಜು ಅಂದದ್ದು. ಪ್ರಯೋಗದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಅಲ್ಲಿ ಕಂಡದ್ದನ್ನು ತಂದು ಕೀಲ್ ಕೊಲ್ಲಿಯ ಸ್ಪಂಜಿಗೆ ಹಾಗೇ ಅಂಟಿಸಲು ಬರುವುದಿಲ್ಲ.

ಹೆಸರಿನ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳುವವರಿಗೆ ನಾನು ಹೇಳುವುದು ಔಷಧದ ಕಥೆ. ಪ್ಯಾನಿಸಿಯಾದ ಅದೇ ಕುಲದಲ್ಲಿ ಜಪಾನಿನ ಹ್ಯಾಲಿಕಾಂಡ್ರಿಯಾ ಒಕಡಾಯ್ ಇದೆ. 1986ರಲ್ಲಿ ಯೊಶಿಮಸ ಹಿರಟ ಮತ್ತು ಡೈಸುಕೆ ಉಎಮುರ ಅದರಿಂದ ಹ್ಯಾಲಿಕಾಂಡ್ರಿನ್ ಬಿ ಅನ್ನುವ ವಸ್ತು ತೆಗೆದರು. ಕ್ಯಾನ್ಸರ್ ಕೋಶಗಳ ಮೇಲೆ ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಕಷ್ಟ ಏನೆಂದರೆ 600 ಕಿಲೋ ಸ್ಪಂಜಿನಿಂದ ಸಿಕ್ಕಿದ್ದು 12.5 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. 1992ರಲ್ಲಿ ಹಾರ್ವರ್ಡಿನ ಯೊಶಿಟೊ ಕಿಶಿ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಅದರ ಸರಳ ರೂಪವೇ ಎರಿಬುಲಿನ್. 2010ರಲ್ಲಿ ಅಮೆರಿಕದಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್‌ಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಇವತ್ತು ಅದು ಎಷ್ಟೋ ಹೆಣ್ಣುಮಕ್ಕಳ ಬದುಕಿಗೆ ಇನ್ನಷ್ಟು ದಿನ ಕೂಡಿಸುತ್ತಿದೆ.

ಇಲ್ಲಿ ವರ್ಗೀಕರಣದ ಪಾತ್ರ ಏನು? ಹ್ಯಾಲಿಕಾಂಡ್ರಿನ್‌ಗಳು ಈ ಕುಲದಲ್ಲಿ ಮಾತ್ರ ಸಿಕ್ಕಿದ್ದರೆ ಹತ್ತಿರದ ನೆಂಟರಲ್ಲಿ ಹುಡುಕಿ ಅನ್ನಬಹುದಿತ್ತು. ಆದರೆ ಅವು ಆಕ್ಸಿನೆಲ್ಲಾ ಕುಲದಲ್ಲೂ, ನ್ಯೂಜಿಲೆಂಡಿನ ಲಿಸೊಡೆಂಡೊರಿಕ್ಸ್ ಅನ್ನುವ ಸ್ಪಂಜಿನಲ್ಲೂ ಸಿಕ್ಕವು. ಇವೆಲ್ಲ ಬೇರೆ ಬೇರೆ ಗಣದವು. ದೂರದ ನೆಂಟರಲ್ಲಿ ಒಂದೇ ರಾಸಾಯನಿಕ ಸಿಕ್ಕಿತು ಅಂದರೆ, ಅದನ್ನು ಮಾಡುತ್ತಿರುವುದು ಸ್ಪಂಜಲ್ಲ, ಒಳಗಿರುವ ಯಾವುದೋ ಸೂಕ್ಷ್ಮಜೀವಿ ಅನ್ನುವ ಗುಮಾನಿ ಬಲವಾಗುತ್ತದೆ. ಒಕಡಾಯ್ ಸ್ಪಂಜಿನಲ್ಲೇ ಸಿಕ್ಕ ಒಕಡಾಯಿಕ್ ಆಮ್ಲದ ವಿಷಯದಲ್ಲಿ ಹಾಗೇ ಆಯಿತು. ಅದನ್ನು ತಯಾರಿಸುವುದು ನೀರಿನಲ್ಲಿರುವ ಡೈನೊಫ್ಲಾಜೆಲೇಟ್ ಅನ್ನುವ ಏಕಕೋಶ ಜೀವಿಗಳು ಅಂತ ಆಮೇಲೆ ಗೊತ್ತಾಯಿತು. ಯಾರು ಯಾರ ನೆಂಟರು ಅನ್ನುವ ಪಟ್ಟಿ ಸರಿ ಇಲ್ಲದಿದ್ದರೆ ಇಂಥ ಗುಮಾನಿ ಹುಟ್ಟುವುದೇ ಇಲ್ಲ.

ಪ್ಯಾನಿಸಿಯಾದ ಒಳಗೂ ಒಬ್ಬ ಖಾಯಂ ಬಾಡಿಗೆದಾರ ಇದ್ದಾನೆ. ಐಸ್‌ಲ್ಯಾಂಡಿನ ಸ್ಪಂಜುಗಳಲ್ಲಿ ನೋಡಿದಾಗ ಒಂದೇ ಬಗೆಯ ಬ್ಯಾಕ್ಟೀರಿಯಾ ಎಲ್ಲಕ್ಕಿಂತ ಜಾಸ್ತಿ ಇತ್ತು. ಸುತ್ತಲ ನೀರಿನಲ್ಲಿ ಅದು ಹಾಗೆ ಹೆಚ್ಚಿರಲಿಲ್ಲ. 2019ರಲ್ಲಿ ಅದಕ್ಕೆ ಹ್ಯಾಲಿಕಾಂಡ್ರಿಬ್ಯಾಕ್ಟರ್ ಸಿಂಬಯೋಟಿಕಸ್ ಅಂತ ಹೆಸರು ಸೂಚಿಸಿದರು. ಪ್ರಯೋಗಾಲಯದಲ್ಲಿ ಬೇರೆಯಾಗಿ ಬೆಳೆಸಿ ತೋರಿಸುವವರೆಗೆ ಇಂಥ ಹೆಸರಿನ ಮುಂದೆ ಕ್ಯಾಂಡಿಡೇಟಸ್ ಅನ್ನುವ ಮಾತು ಸೇರಿಸುವುದು ರೂಢಿ. ಬ್ಯಾಕ್ಟೀರಿಯಾವನ್ನೇ ಸೋಸಿ ತಿನ್ನುವ ಪ್ರಾಣಿ ಈ ಒಂದು ಬ್ಯಾಕ್ಟೀರಿಯಾವನ್ನು ಮಾತ್ರ ಸಾಕಿಕೊಂಡಿದೆ.

ನನ್ನ ಮಾತು ಇಷ್ಟು. ಇನ್ನು ಆ ಎರಡು ಪ್ರಶ್ನೆಗಳು.

ನರವೇ ಇಲ್ಲ ಅಂದ ಮೇಲೆ ಮುಟ್ಟಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲವಾ ಅಂತ ಒಬ್ಬರು ಅಕ್ಕ ಕೇಳಿದರು. ಗೊತ್ತಾಗುತ್ತದೆ. ಡೆನ್ಮಾರ್ಕಿನ ಕೆರ್ಟೆಮಿಂಡ್‌ನಲ್ಲಿರುವ ಸಮುದ್ರ ಜೀವಶಾಸ್ತ್ರ ಕೇಂದ್ರದಲ್ಲಿ ಪ್ಯಾನಿಸಿಯಾದ ಸಣ್ಣ ತುಂಡುಗಳನ್ನು ಗಾಜಿನ ಮೇಲೆ ಬೆಳೆಸುತ್ತಾರೆ, ತುಂಡಿಗೆ ಒಂದೇ ಆಸ್ಕುಲಮ್ ಬರುವ ಹಾಗೆ. ಅದನ್ನು ವಿಡಿಯೋ ಮಾಡಿ ವೇಗ ಹೆಚ್ಚಿಸಿ ನೋಡಿದರೆ, ಆಸ್ಕುಲಮ್ ಮುಚ್ಚುವುದು, ಮೈ ಕುಗ್ಗುವುದು, ಮತ್ತೆ ನಿಧಾನವಾಗಿ ತೆರೆದುಕೊಳ್ಳುವುದು ಎಲ್ಲ ಕಾಣುತ್ತದೆ. ಕುಗ್ಗಿದಾಗ ನೀರು ಎಳೆಯುವುದು ನಿಲ್ಲುತ್ತದೆ. ನೀರಿಗೆ ಕೆಲವು ರಾಸಾಯನಿಕ ಸೇರಿಸಿದರೂ ಕುಗ್ಗುತ್ತದೆ. ನಮ್ಮ ನರಗಳು ಬಳಸುವ ಗ್ಲುಟಮೇಟ್‌ನಂಥ ವಸ್ತುಗಳಿಗೆ ಸ್ಪಂಜುಗಳು ಪ್ರತಿಕ್ರಿಯೆ ತೋರಿಸುತ್ತವೆ. ನಮಗೆ ಸೆಕೆಂಡಿನಲ್ಲಿ ಆಗುವುದು ಅವಕ್ಕೆ ನಿಮಿಷಗಟ್ಟಲೆ ಹಿಡಿಯುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋವು ಅನ್ನಲು ಮಾತ್ರ ನಾನು ಒಪ್ಪುವುದಿಲ್ಲ.

ಇನ್ನೊಬ್ಬ ಹುಡುಗ, ಕಾಲೇಜಿನಲ್ಲಿ ಓದುತ್ತಿರುವವನು, ಎಲ್ಲ ಡಿಎನ್‌ಎ ಓದಿದರೆ ಸಾಕಲ್ಲವಾ ಸರ್, ಬ್ಲೀಚು ಸೂಜಿ ಎಲ್ಲ ಇನ್ನು ಯಾಕೆ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಮೀನು, ಹಕ್ಕಿಗಳನ್ನು ಗುರುತಿಸಲು ಮೈಟೊಕಾಂಡ್ರಿಯಾದ ಒಂದು ಜೀನಿನ ತುಣುಕು ಬಳಸುತ್ತಾರೆ. ಸ್ಪಂಜುಗಳಲ್ಲಿ ಆ ತುಣುಕು ತುಂಬಾ ನಿಧಾನವಾಗಿ ಬದಲಾಗುತ್ತದೆ, ಹಾಗಾಗಿ ಎರಡು ಪ್ರಭೇದಗಳಲ್ಲೂ ಒಂದೇ ಥರ ಇದ್ದುಬಿಡಬಹುದು. ಬೇರೆ ಜೀನ್‌ಗಳನ್ನೂ ಸೇರಿಸಿ ಓದಬೇಕಾಗುತ್ತದೆ. ಸಾಲದ್ದಕ್ಕೆ ಸ್ಪಂಜಿನ ತುಂಡು ಅರೆದರೆ ಬರುವ ಡಿಎನ್‌ಎಯಲ್ಲಿ ಅದರೊಳಗಿನ ಬ್ಯಾಕ್ಟೀರಿಯಾ, ಪಾಚಿ, ಹುಳುಗಳ ಡಿಎನ್‌ಎಯೂ ಸೇರಿರುತ್ತದೆ. ಮುಖ್ಯವಾದ ಮಾತು ಇನ್ನೊಂದಿದೆ. ಪಲ್ಲಾಸ್ ಕಾಲದ ವಿವರಣೆಗಳಲ್ಲಿ, ಮ್ಯೂಸಿಯಂಗಳ ಹಳೇ ಪೆಟ್ಟಿಗೆಗಳಲ್ಲಿ ಇರುವುದು ಒಣ ತುಂಡು ಮತ್ತು ಸೂಜಿ. ಹೊಸ ಡಿಎನ್‌ಎಯನ್ನು ಹಳೇ ಹೆಸರಿಗೆ ಜೋಡಿಸಬೇಕಾದರೆ ಆ ಸೂಜಿಗಳ ಮೂಲಕವೇ ಹೋಗಬೇಕು.

ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಸ್ಪಂಜು ಕಂಡರೆ ಮೊದಲು ನೀರಿನಲ್ಲಿರುವಾಗಲೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಬಣ್ಣ, ಮುಟ್ಟಿದರೆ ಹೇಗಿದೆ, ಆಸ್ಕುಲಮ್ ಎದ್ದಿದೆಯೋ ತಗ್ಗಿದೆಯೋ, ಬಿಸಿಲೋ ನೆರಳೋ, ಎಷ್ಟು ಆಳ, ಇವನ್ನೆಲ್ಲ ಅಲ್ಲೇ ಬರೆದುಕೊಳ್ಳಿ. ಆಲ್ಕೋಹಾಲಿಗೆ ಹಾಕಿದ ಮೇಲೆ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ, ಆಕಾರವೂ ಕುಗ್ಗುತ್ತದೆ. ಅನುಮತಿ ಇದ್ದರೆ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ತುಂಡು ತೆಗೆಯಿರಿ, ಚರ್ಮ ಮತ್ತು ಒಳಭಾಗ ಎರಡೂ ಬರುವ ಹಾಗೆ. ನೇರವಾಗಿ ಗಾಢ ಆಲ್ಕೋಹಾಲಿಗೆ ಹಾಕಿ, ಸ್ವಲ್ಪ ಹೊತ್ತಾದ ಮೇಲೆ ಹಳೇದನ್ನು ಚೆಲ್ಲಿ ಹೊಸದು ತುಂಬಿ, ಯಾಕೆಂದರೆ ಸ್ಪಂಜಿನಲ್ಲಿ ನೀರು ಜಾಸ್ತಿ ಇರುತ್ತದೆ. ಫಾರ್ಮಲಿನ್ ಬೇಡ, ಡಿಎನ್‌ಎ ಹಾಳಾಗುತ್ತದೆ. ಚೀಟಿಯ ಮೇಲೆ ಜಾಗ ಮತ್ತು ದಿನಾಂಕವನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.